ಚೋದನಂ ಎಂದರೆ ಬೇಡಿಕೆ

1956ರಲ್ಲಿ ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡಿನಲ್ಲಿ ನಾನು ಹತ್ತನೆಯ ತನಕ ಓದಿದ್ದು ಕನ್ನಡದಲ್ಲಿ. ಡಿಗ್ರಿಯಲ್ಲಿ ಪಾಠ ವಿವರಿಸುವುದು ಮಲಯಾಳದಲ್ಲಿ, ಪರೀಕ್ಷೆ ಇಂಗ್ಲಿಷಿನಲ್ಲಿ. “ನೀವು ಬ್ಯಾರಿಗಳಲ್ಲವಾ, ಮಲಯಾಳ ಬರುತ್ತದಲ್ಲ” ಎನ್ನುತ್ತಾರೆ. ಅಂಗಡಿಯ ಮಲಯಾಳ ಬರುತ್ತದೆ, ನಿಜ. ಆದರೆ ಅರ್ಥಶಾಸ್ತ್ರದ ಕ್ಲಾಸಿನಲ್ಲಿ ‘ಚೋದನಂ’, ‘ಪ್ರದಾನಂ’ ಎಂದಾಗ ನಮ್ಮ ಬೆಂಚು ಮೌನ. ನೋಡಿದರೆ ಅವು ಬೇಡಿಕೆ, ಪೂರೈಕೆ! ಬಂಗುಡೆ ರಾಶಿ ಬಂದ ದಿನ ದರ ಇಳಿಯುತ್ತದೆಂದು ನಮ್ಮ ಉಮ್ಮನಿಗೂ ಗೊತ್ತು. ಕನ್ನಡ ಪದವನ್ನೂ ಒಮ್ಮೆ ಹೇಳಲು ಸರ್‌ಗೆ ಅರ್ಧ ನಿಮಿಷ ಸಾಕು. ಹೇಳುವವರಿಲ್ಲದೆ ಜೊತೆಯವಳೊಬ್ಬಳು ಎರಡನೇ ಸೆಮಿಸ್ಟರಿಗೆ ಬರಲೇ ಇಲ್ಲ. ಈಗ ನಾವು ನಾಲ್ವರು ಇಂಗ್ಲಿಷ್, ಮಲಯಾಳ, ಕನ್ನಡ ಎಂದು ಮೂರು ಕಾಲಂ ಹಾಕಿ ನೋಟ್ಸ್ ಬರೆಯುತ್ತೇವೆ; ಜಗಳ, ಚರ್ಚೆ ಎಲ್ಲ ಬ್ಯಾರಿಯಲ್ಲಿ. ಮುಂದಿನ ವರ್ಷ ಸೇರುವವರು ಕೇಳಿದರೆ ಜೆರಾಕ್ಸ್ ಕೊಡುತ್ತೇವೆ.