ಎಡದ ಅಭ್ಯಾಸ, ಬಲದ ದಾರಿ

ಸ್ಮರಣ ಸಂಚಿಕೆಗೆ ಒಂದು ಪ್ರವಾಸ ಬರಹವನ್ನು ಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದ ಮೇಲೆ ನಾವು ಎರಡು ತಿಂಗಳು ನೆಪ ಹೇಳಿ ಜಾರಿಕೊಂಡೆವು. ನೋಡಿದ ಊರುಗಳನ್ನು ವರ್ಣಿಸುವುದು ಕಷ್ಟವೇನಲ್ಲ. ಆದರೆ ಆ ಪ್ರವಾಸವನ್ನು ನೆನೆದಾಗ ನಮ್ಮ ಕಣ್ಣಿಗೆ ಮೊದಲು ಕಟ್ಟುವುದು ಚರ್ಚಿನ ಗೋಪುರವಲ್ಲ, ಹಿಮದ ಬೆಟ್ಟವೂ ಅಲ್ಲ. ಹಾಲಿನ ಟ್ಯಾಂಕರೊಂದರ ಮುಂಭಾಗ. ಅದನ್ನು ಬಿಟ್ಟು ಬರೆದರೆ ಬರಹ ಸುಳ್ಳಾಗುತ್ತದೆ, ಸೇರಿಸಿ ಬರೆದರೆ ಮಗಳಿಗೆ ತಿಳಿಯುತ್ತದೆ. ಕೊನೆಗೆ ಸೇರಿಸಿಯೇ ಬರೆಯುತ್ತಿದ್ದೇವೆ.

ಇಲ್ಲಿ ‘ನಾವು’ ಎಂದರೆ ದಂಪತಿಗಳಿಬ್ಬರೂ ಹೌದು. ಆದರೆ ತಪ್ಪು ನಡೆದ ಕಡೆಗಳಲ್ಲಿ ಓದುಗರು ಆ ಮಾತನ್ನು ಈ ಲೇಖಕನೊಬ್ಬನಿಗೇ ಅನ್ವಯಿಸಿಕೊಳ್ಳಬೇಕಾಗಿ ವಿನಂತಿ. ಶ್ರೀಮತಿಯವರ ಆಗ್ರಹವೂ ಅದೇ ಆಗಿದೆ.

ನಂದವರಂ ಸೀಮೆಯ ಎರೆಮಣ್ಣಿನ ದಾರಿಗಳಲ್ಲಿ ನಾವು ಮೂವತ್ತು ವರ್ಷ ವಾಹನ ಓಡಿಸಿದವರು. ಆದವಾನಿಯ ಮಾರುಕಟ್ಟೆಗೆ ಹೋಗುವ ಹತ್ತಿ ಲಾರಿಗಳು ಎರಡೂ ಬದಿಗೆ ಹೊಟ್ಟೆ ಚಾಚಿಕೊಂಡು ಬರುತ್ತಿದ್ದರೆ ಎಷ್ಟು ಮಣ್ಣಿಗೆ ಇಳಿಯಬೇಕು, ಕುರಿಹಿಂಡಿನ ನಡುವೆ ಹೇಗೆ ನುಸುಳಬೇಕು, ರಸ್ತೆಯ ಮೇಲೆ ಒಕ್ಕಲು ಹರಡಿದ ರೈತನನ್ನು ಬೈಯದೆ ಹೇಗೆ ದಾಟಬೇಕು ಎಂಬ ವಿದ್ಯೆಗಳಲ್ಲಿ ನಮಗೆ ಕೊಂಚ ಅಹಂಕಾರವೇ ಇತ್ತು. ಶ್ರೀಮತಿಯವರು ಕಾರು ಕಲಿತದ್ದು ಐವತ್ತು ದಾಟಿದ ಮೇಲೆ, ತುಂಗಭದ್ರಾ ಕೆಳಮಟ್ಟದ ಕಾಲುವೆಯ ಏರಿಯ ಮೇಲೆ. ಕಲಿಸಿದ ಗುರುಗಳು ನಾವೇ. ಶಾಲೆಯಲ್ಲಿ ಮಕ್ಕಳ ಮೇಲೆ ಎಂದೂ ದನಿ ಎತ್ತದ ಮೇಷ್ಟ್ರೆಂದು ಹೆಸರು ಪಡೆದಿದ್ದ ನಾವು ಆ ಏರಿಯ ಮೇಲೆ ಎಷ್ಟು ಕೂಗಾಡಿದೆವೆಂದರೆ, ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ಹೆಣ್ಣುಮಕ್ಕಳು ಸೊಂಟ ನೆಟ್ಟಗೆ ಮಾಡಿ ನಿಂತು ನೋಡಿದರು. ಅಂದಿನಿಂದ ನಾವು ಪಕ್ಕದಲ್ಲಿದ್ದರೆ ಅವರು ಸ್ಟೀಯರಿಂಗ್ ಮುಟ್ಟುತ್ತಿರಲಿಲ್ಲ.

ಮಗಳು ಅಳಿಯ ಇರುವುದು ಜರ್ಮನಿಯ ಮಾನ್‌ಹೈಮ್ ನಗರದಲ್ಲಿ. 2024ರ ಮೇ 13ರಂದು ಊರಿನಲ್ಲಿ ಮತ ಹಾಕಿ, ಬೆರಳ ಮಸಿ ಆರುವ ಮುನ್ನವೇ ನಾವು ವಿಮಾನ ಹತ್ತಿದೆವು. ಮಗಳು ಆಗ ಏಳು ತಿಂಗಳ ಬಸುರಿ; ಬಾಣಂತನಕ್ಕೆಂದೇ ಹೋದದ್ದು. ‘ಮಗು ಬಂದಮೇಲೆ ನಿಮಗೆ ಪುರಸೊತ್ತು ಎಲ್ಲಿ ಸಿಗುತ್ತದಪ್ಪಾ, ಈಗಲೇ ಒಂದು ಸುತ್ತು ಹೋಗಿಬನ್ನಿ’ ಎಂದು ಅವಳೇ ಬಾಡಿಗೆ ಕಾರು ಗೊತ್ತುಮಾಡಿದಳು. ಒಂದು ವರ್ಷದ ಅವಧಿಯ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಊರಿನಿಂದಲೇ ಇಬ್ಬರೂ ಮಾಡಿಸಿಕೊಂಡು ಬರುವಂತೆ ಹೇಳಿದ್ದವಳೂ ಅವಳೇ. ಬಾಡಿಗೆ ಪತ್ರದಲ್ಲಿ ಹೆಸರಿಲ್ಲದವರು ಓಡಿಸಿದರೆ ವಿಮೆ ಸಿಗುವುದಿಲ್ಲವಂತೆ. ಎರಡನೆಯ ಚಾಲಕರಿಗೆ ದಿನಕ್ಕೆ ಇಷ್ಟೆಂದು ಹೆಚ್ಚಿನ ಹಣ. ‘ನಿಮ್ಮಮ್ಮ ಎಲ್ಲಿ ಓಡಿಸ್ತಾಳೆ, ದಂಡದ ಖರ್ಚು’ ಎಂದು ನಾವು ಗೊಣಗಿದೆವು. ಮಗಳು ಕೇಳದೆ ತಾಯಿಯ ಹೆಸರನ್ನೂ ಬರೆಸಿದಳು.

ಹೊರಡುವ ಬೆಳಿಗ್ಗೆ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಶ್ರೀಮತಿಯವರು ಕಾರಿಗೆ ಕುಂಕುಮವಿಟ್ಟು, ಮಂತ್ರಾಲಯದ ರಾಯರನ್ನೂ ಉರುಕುಂದಿ ಈರಣ್ಣನನ್ನೂ ನೆನೆದು, ನಾಲ್ಕು ಚಕ್ರಗಳ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟರು. ಬಾಡಿಗೆ ಕಾರಿಗೆ ಪೂಜೆಯೇ ಎಂದು ಅಳಿಯಂದಿರು ಸಂಕೋಚದಿಂದ ಅತ್ತಿತ್ತ ನೋಡಿದರು. ನಾವು ಹೋದಮೇಲೆ ಕಾಗದದ ಕರವಸ್ತ್ರದಿಂದ ಅವರೇ ನೆಲ ಒರೆಸಿದರೆಂದು ಆಮೇಲೆ ತಿಳಿಯಿತು.

ಅಲ್ಲಿನ ಕಾರುಗಳಲ್ಲಿ ಸ್ಟೀಯರಿಂಗ್ ಎಡಕ್ಕೆ, ಗೇರು ಬಲಗೈಗೆ. ಗೇರು ಬದಲಿಸಲು ನಮ್ಮ ಎಡಗೈ ತಾನಾಗಿ ಹೋಗಿ ಬಾಗಿಲಿಗೆ ಬಡಿಯುತ್ತಿತ್ತು. ನಮ್ಮ ಊರಿನ ಕಾರಿನಲ್ಲಿ ತಿರುವಿನ ದೀಪದ ಕಡ್ಡಿ ಬಲಕ್ಕೆ, ಅಲ್ಲಿ ಎಡಕ್ಕೆ. ಹೀಗಾಗಿ ಮೊದಲ ದಿನವೆಲ್ಲ ನಾವು ತಿರುಗುವ ಮುನ್ನ ದೀಪದ ಬದಲು ವೈಪರ್ ಆಡಿಸಿದೆವು. ಸುಡುಬಿಸಿಲಿನಲ್ಲಿ ಗಾಜು ಒರೆಸಿಕೊಳ್ಳುತ್ತ ತಿರುಗುವ ಕಾರನ್ನು ಕಂಡು ಸೈಕಲ್ಲಿನ ಹುಡುಗನೊಬ್ಬ ಕೈ ಬೀಸಿದ. ಪಾಪ, ಅದೂ ಒಂದು ಸಂಕೇತವೆಂದು ತಿಳಿದಿರಬೇಕು. ಇನ್ನೊಂದು ತೊಡಕು ಬಲಗಡೆಯ ಹಕ್ಕಿನದು. ಫಲಕವಿಲ್ಲದ ಕೂಡುದಾರಿಯಲ್ಲಿ ಬಲದ ಓಣಿಯಿಂದ ಬರುವವನಿಗೇ ಮೊದಲ ದಾರಿ. ಓಣಿ ಎಷ್ಟೇ ಸಣ್ಣದಾಗಿರಲಿ, ನೀವು ನಿಲ್ಲಬೇಕು. ಹಳದಿ ವಜ್ರಾಕೃತಿಯ ಫಲಕ ಕಂಡರೆ ಮಾತ್ರ ಹೆದ್ದಾರಿ ನಿಮ್ಮದು. ದೊಡ್ಡ ಗಾಡಿಗೆ ದೊಡ್ಡ ಹಕ್ಕು ಎಂಬ ನಮ್ಮ ಕಡೆಯ ಧರ್ಮಸೂತ್ರಕ್ಕೆ ಅಲ್ಲಿ ಬೆಲೆಯಿಲ್ಲ.

ಮಾನ್‌ಹೈಮಿನಿಂದ ದಕ್ಷಿಣಕ್ಕೆ ವೀಸ್‌ಲೋಖ್ ಎಂಬ ಪಟ್ಟಣವಿದೆ. ಅಲ್ಲಿನ ಔಷಧಿ ಅಂಗಡಿಯೊಂದರ ಎದುರು ಮಗಳು ಗುರುತು ಹಾಕಿ ಕೊಟ್ಟಿದ್ದಂತೆ ನಿಂತೆವು. 1888ರ ಆಗಸ್ಟ್ ತಿಂಗಳಲ್ಲಿ, ಮೋಟಾರು ವಾಹನದ ಜನಕನೆನಿಸಿದ ಕಾರ್ಲ್ ಬೆಂಜ್ ಇನ್ನೂ ಮಲಗಿದ್ದಾಗ, ಅವನ ಹೆಂಡತಿ ಬರ್ಥಾ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಗಂಡನಿಗೆ ಹೇಳದೆ, ಅವನ ಮೂರು ಚಕ್ರದ ಬಂಡಿಯನ್ನು ಓಡಿಸಿಕೊಂಡು ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಹೊರಟುಬಿಟ್ಟಳು. ಅದು ಅವಳ ತವರೂರು. ನೂರಕ್ಕೂ ಹೆಚ್ಚು ಕಿಲೋಮೀಟರಿನ ದಾರಿ. ಅಷ್ಟು ದೂರ ಮೋಟಾರು ಬಂಡಿಯಲ್ಲಿ ಅದುವರೆಗೆ ಯಾರೂ ಹೋಗಿರಲಿಲ್ಲ. ಇಂಧನ ತೀರಿದಾಗ ಈ ಔಷಧಿ ಅಂಗಡಿಯಲ್ಲೇ ಕಲೆ ತೆಗೆಯುವ ದ್ರಾವಣವನ್ನು ಕೊಂಡು ತುಂಬಿಸಿದಳಂತೆ. ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳು. ಬ್ರೇಕು ಸವೆದಾಗ ಚಮ್ಮಾರನಿಂದ ತೊಗಲು ಹೊಡೆಸಿದಳು. ಏರು ಬಂದಾಗ ಮಕ್ಕಳು ಇಳಿದು ನೂಕಿದರು. ಸಂಜೆ ತಲುಪಿ ಗಂಡನಿಗೆ ತಂತಿ ಕೊಟ್ಟಳು. ಇದನ್ನೆಲ್ಲ ಶ್ರೀಮತಿಯವರಿಗೆ ಓದಿ ಹೇಳಿದೆವು. ಅವರು ಬಹಳ ಹೊತ್ತು ಆ ಸ್ಮಾರಕವನ್ನು ನೋಡಿ, ‘ಪಕ್ಕದಲ್ಲಿ ಗಂಡ ಕೂತಿರಲಿಲ್ಲ, ಅದಕ್ಕೇ ಸಲೀಸಾಗಿ ಹೋಗಿದ್ದಾಳೆ’ ಎಂದರು.

ಆ ರಾತ್ರಿಯ ತಂಗುದಾಣ ಟ್ಯೂಬಿಂಗನ್. ಹೋದದ್ದು ಕಿಟ್ಟೆಲ್ ಅವರಿಗಾಗಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ–ಇಂಗ್ಲಿಷ್ ನಿಘಂಟಿನ ಮರುಮುದ್ರಣವನ್ನು ನಮ್ಮ ಸೇವಾವಧಿಯುದ್ದಕ್ಕೂ ಮೇಜಿನ ಮೇಲೆ ಇಟ್ಟುಕೊಂಡಿದ್ದೆವು. ಟ್ಯೂಬಿಂಗನ್ ವಿಶ್ವವಿದ್ಯಾನಿಲಯ ಅವರಿಗೆ 1896ರಲ್ಲಿ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಅವರು ತೀರಿಕೊಂಡದ್ದೂ ಅದೇ ಊರಿನಲ್ಲಿ. ನೆಕರ್ ನದಿಯ ದಂಡೆಯಲ್ಲಿ ಕುಳಿತು, ಕಟ್ಟಿಕೊಂಡು ಬಂದಿದ್ದ ಜೋಳದ ಕಟಕು ರೊಟ್ಟಿಯನ್ನು ಶೇಂಗಾ ಚಟ್ನಿಪುಡಿಯೊಡನೆ ತಿಂದೆವು. ಆ ಪದಗಳನ್ನು ಎಪ್ಪತ್ತು ಸಾವಿರದಷ್ಟು ಕೂಡಿಟ್ಟ ಮನುಷ್ಯ ಇದೇ ದಂಡೆಯ ಮೇಲೆ ಓಡಾಡಿರಬೇಕು ಎನ್ನುವಾಗ ಗಂಟಲು ಸ್ವಲ್ಪ ಹಿಡಿಯಿತು, ರೊಟ್ಟಿಯ ಕಾರಣಕ್ಕಲ್ಲ.

ಮೂರನೆಯ ದಿನ. ಕಪ್ಪುಕಾಡು ಎಂಬ ಅರ್ಥದ ಹೆಸರಿರುವ ಶ್ವಾರ್ಟ್ಸ್‌ವಾಲ್ಡ್ ಬೆಟ್ಟಗಳ ನಡುವಿನ ಒಂದು ಹಳ್ಳಿ. ಬೆಳಿಗ್ಗೆ ಆರೂವರೆ, ಸಣ್ಣ ಮಳೆ. ಪೆಟ್ರೋಲ್ ಬಂಕಿನಿಂದ ಹೊರಬಂದು ಎಡಕ್ಕೆ ತಿರುಗಬೇಕಾಗಿತ್ತು. ರಸ್ತೆಯ ಮೇಲೆ ಒಂದು ನರಪಿಳ್ಳೆಯಿಲ್ಲ. ಎರಡು ದಿನ ನಮ್ಮನ್ನು ಕಾಪಾಡಿದ್ದು ನಮ್ಮ ಜಾಣ್ಮೆಯಲ್ಲ, ಮುಂದೆ ಹೋಗುತ್ತಿದ್ದ ವಾಹನಗಳು ಎಂಬುದು ಅಂದು ತಿಳಿಯಿತು. ಹಿಂಬಾಲಿಸಲು ಯಾರೂ ಇಲ್ಲದಾಗ ಮೂವತ್ತು ವರ್ಷದ ಅಭ್ಯಾಸ ಎದ್ದು ಕುಳಿತಿತು. ನಾವು ತಿರುಗಿ, ನೆಮ್ಮದಿಯಾಗಿ, ರಸ್ತೆಯ ಎಡಬದಿಯಲ್ಲಿ ಹೊರಟೆವು. ಮಳೆಹನಿ ಬಿದ್ದ ಪೈನ್ ಮರಗಳು ಎಷ್ಟು ಚೆಂದ ಎಂದು ಏನೋ ಹೇಳುತ್ತಿದ್ದ ನೆನಪು. ತಿರುವಿನಲ್ಲಿ ಹಾಲಿನ ಟ್ಯಾಂಕರು ಎದುರಾಯಿತು.

‘ಬಲಕ್ಕೆ ರೀ! ಬಲಕ್ಕೆ!’

ನಮ್ಮ ಕೈ ತಿರುಗಿತೋ, ಅವರು ಪಕ್ಕದಿಂದ ಸ್ಟೀಯರಿಂಗ್ ಎಳೆದರೋ ಇಂದಿಗೂ ತೀರ್ಮಾನವಾಗಿಲ್ಲ. ಟ್ಯಾಂಕರಿನ ಚಕ್ರಗಳು ಚೀರಿದವು. ಕಾರು ಬಲಬದಿಯ ಹುಲ್ಲಿಗೆ ಇಳಿದು ನಿಂತಿತು. ಯಾವುದಕ್ಕೂ ತಾಗಿರಲಿಲ್ಲ. ಚಟ್ನಿಪುಡಿಯ ಡಬ್ಬಿ ಮಗುಚಿ ಹಿಂದಿನ ಸೀಟೆಲ್ಲ ಕೆಂಪಾಗಿತ್ತು, ಅಷ್ಟೆ.

ಟ್ಯಾಂಕರಿನ ಚಾಲಕ ಇಳಿದು ಬಂದ. ನಮ್ಮದೇ ವಯಸ್ಸಿನವನು. ಬೈಯುತ್ತಾನೆಂದು ನಾವು ಕಾದೆವು, ಬೈದಿದ್ದರೆ ಹಗುರವಾಗುತ್ತಿತ್ತು. ಅವನು ನಮ್ಮ ಮುಖ ನೋಡಿ, ರಸ್ತೆಯ ಬಲಬದಿಯನ್ನು ಬೆರಳಿನಿಂದ ತೋರಿಸಿ, ‘ರೆಖ್ಟ್ಸ್, ರೆಖ್ಟ್ಸ್’ ಎಂದು ಮಗುವಿಗೆ ಹೇಳುವಂತೆ ಎರಡು ಸಲ ಹೇಳಿದ. ತನ್ನ ನೀರಿನ ಬಾಟಲಿ ತಂದು ಕೊಟ್ಟ. ನಮ್ಮ ಕೈ ನಡುಗುತ್ತಿದ್ದದ್ದರಿಂದ ಮುಚ್ಚಳವನ್ನು ತೆರೆದದ್ದು ಶ್ರೀಮತಿಯವರು. ಅವರು ಇಳಿದು, ಸುತ್ತಿ ಬಂದು, ನಮ್ಮ ಕಡೆಯ ಬಾಗಿಲು ತೆರೆದು ನಿಂತರು. ಏನೂ ಹೇಳಲಿಲ್ಲ. ನಾವು ಇಳಿದು ಆ ಬದಿಗೆ ಹೋಗಿ ಕುಳಿತೆವು. ಅವರು ಕಾರನ್ನು ರಸ್ತೆಗೆ ಏರಿಸುವವರೆಗೆ ಆ ಮನುಷ್ಯ ನಿಂತು ನೋಡಿ ಆಮೇಲೆ ಹೊರಟ.

ಒಂದು ಗಂಟೆ ನಮ್ಮ ನಡುವೆ ಮಾತಿಲ್ಲ. ಆಮೇಲೆ ಅವರು, ರಸ್ತೆಯಿಂದ ಕಣ್ಣು ತೆಗೆಯದೆ, ‘ಅವಳಿಗೆ ಹೇಳೋದು ಬೇಡ. ಹೊಟ್ಟೆಯಲ್ಲಿ ಕೂಸಿದೆ’ ಎಂದರು. ಕಾಲುವೆಯ ಏರಿಯ ಮೇಲೆ ನಾವು ಕೂಗಾಡಿದ ಮಾತುಗಳೆಲ್ಲ ನಮಗೆ ಒಂದೊಂದಾಗಿ ನೆನಪಾಗುತ್ತಿದ್ದವು. ಅವುಗಳಲ್ಲಿ ಒಂದನ್ನಾದರೂ ಅವರು ತಿರುಗಿಸಿ ಹೇಳಬಹುದಾಗಿತ್ತು. ಹೇಳಲಿಲ್ಲ. ಉಳಿದ ಆರು ದಿನವೂ ಕಾರನ್ನು ಅವರೇ ಓಡಿಸಿದರು.

ಬಾಸೆಲ್ ಹತ್ತಿರ ಸ್ವಿಟ್ಜರ್‌ಲೆಂಡಿನ ಗಡಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಊರು ಅದೇ; ಕಾರು ನಿಲ್ಲಿಸಲು ಜಾಗ ಸಿಗದೆ ಹೊರಗಿನಿಂದಲೇ ಕೈಮುಗಿದೆವು. ಗಡಿಯಲ್ಲಿ 40 ಫ್ರಾಂಕ್ ಕೊಟ್ಟು ಹೆದ್ದಾರಿಯ ಚೀಟಿಯನ್ನು ಕೊಳ್ಳಬೇಕು. ಎರಡು ದಿನಕ್ಕೆ ಹೋಗುವವರಿಗೂ ಅದು ವರ್ಷದ ಚೀಟಿಯೇ. ನಾವು ಗಡಿನಾಡಿನವರಾದ್ದರಿಂದ ಇಂಥ ಕಡೆ ಮನಸ್ಸು ಬೇರೆಲ್ಲೋ ಹೋಗುತ್ತದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆಗೆ ಹೋದವು. ನಮ್ಮ ಹಿರಿಯರು ಮನೆ ಬಿಟ್ಟು ಕದಲಲಿಲ್ಲ, ಗಡಿಯೇ ಅವರನ್ನು ದಾಟಿಕೊಂಡು ಹೋಯಿತು. ಗೊಥಾರ್ಡ್ ಸುರಂಗದಲ್ಲಿ ಇದು ಮತ್ತೆ ನೆನಪಾಯಿತು. 1980ರಲ್ಲಿ ತೆರೆದ ಈ ರಸ್ತೆ ಸುರಂಗದ ಉದ್ದ 16.9 ಕಿಲೋಮೀಟರ್, ಒಂದೇ ಕೊಳವೆಯಲ್ಲಿ ಹೋಗುವವರೂ ಬರುವವರೂ ಎದುರುಬದುರು. ಎದುರಿನ ಒಂದೊಂದು ದೀಪಕ್ಕೂ ನಾವು ಸೀಟು ಹಿಡಿದುಕೊಂಡೆವು. ಶ್ರೀಮತಿಯವರು ‘ಕಣ್ಣು ಮುಚ್ಚಿಕೊಳ್ಳಿ ಬೇಕಾದರೆ’ ಎಂದರು. ಆ ತುದಿಯಲ್ಲಿ ಫಲಕಗಳು ಜರ್ಮನ್ ಇದ್ದವು, ಈ ತುದಿಗೆ ಬಂದರೆ ಇಟಾಲಿಯನ್. ದೇಶ ಒಂದೇ. ಎರಡೂ ನುಡಿಗಳಿಗೆ ಫಲಕದಲ್ಲಿ ಜಾಗವಿದೆಯಲ್ಲ ಎಂದು ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಇಟಲಿಯಲ್ಲಿ ಇನ್ನೊಂದು ಅನಾಹುತ ತಪ್ಪಿತು. ಬಂಕಿನ ನಳಿಕೆಯ ಮೇಲೆ ‘ಗಜೋಲಿಯೋ’ ಎಂದಿತ್ತು. ಅಮೆರಿಕದವರು ಪೆಟ್ರೋಲಿಗೆ ಗ್ಯಾಸೊಲಿನ್ ಅನ್ನುವುದಿಲ್ಲವೇ, ಇದೂ ಅದೇ ಎಂದು ಭಾಷಾ ಪಂಡಿತರಾದ ನಾವು ನಳಿಕೆಯನ್ನು ಎತ್ತಿಯೂ ಆಗಿತ್ತು. ಶ್ರೀಮತಿಯವರು ಟ್ಯಾಂಕಿನ ಮುಚ್ಚಳದೊಳಗೆ ನೋಡಿ, ‘ಇಲ್ಲಿ ಗುಂಡಗಿನ ಗುರುತಿದೆ, ಅದರ ಮೇಲೆ ಚೌಕ ಇದೆಯಲ್ರೀ’ ಎಂದರು. ನಿಜ. ಯುರೋಪಿನಲ್ಲಿ ಪೆಟ್ರೋಲಿಗೆ ವೃತ್ತದ ಗುರುತು, ಡೀಸೆಲಿಗೆ ಚೌಕ. ಗಜೋಲಿಯೋ ಎಂದರೆ ಡೀಸೆಲ್, ಪೆಟ್ರೋಲಿಗೆ ಬೆಂಜೀನಾ. ಕಿಟ್ಟೆಲ್ಲರ ಶಿಷ್ಯತ್ವ ಅಲ್ಲಿ ಉಪಯೋಗಕ್ಕೆ ಬರಲಿಲ್ಲ.

ತಸ್ಕನಿಯ ಒಂದು ಕೋಟೆಯೂರಿನಲ್ಲಿ ಮಾತ್ರ ಸಿಕ್ಕಿಬಿದ್ದೆವು. ಅಲ್ಲಿನ ಹಳೆಯ ಪಟ್ಟಣಗಳ ಒಳಭಾಗಕ್ಕೆ ಹೊರಗಿನವರ ವಾಹನ ಹೋಗುವಂತಿಲ್ಲ. ಬಿಳಿ ಹಲಗೆಯ ಮೇಲೆ ಕೆಂಪು ಬಳೆ ಇದ್ದರೆ ನಿಷೇಧ. ಗೇಟಿಲ್ಲ, ಪೊಲೀಸನಿಲ್ಲ, ಕ್ಯಾಮೆರಾ ಮಾತ್ರ. ‘ಎಲ್ಲರೂ ಹೋಗುತ್ತಿದ್ದಾರೆ, ನಡಿ’ ಎಂದವರು ನಾವು. ಹೋಗುತ್ತಿದ್ದವರು ಆ ಊರಿನ ನಿವಾಸಿಗಳು.

ಜುಲೈ ಕೊನೆಯಲ್ಲಿ ಮೊಮ್ಮಗ ಹುಟ್ಟಿದ. ಆಗಸ್ಟಿನಲ್ಲಿ ನಾವು ಊರಿಗೆ ಮರಳಿದೆವು. ದೀಪಾವಳಿಯ ಹೊತ್ತಿಗೆ ಮಗಳ ವಿಳಾಸಕ್ಕೆ ದಂಡದ ಪತ್ರ ಬಂತು, ಜೊತೆಗೆ ಬಾಡಿಗೆಯವರ ನಿರ್ವಹಣಾ ಶುಲ್ಕ ಬೇರೆ. ಫೋನಿನಲ್ಲಿ ಅವಳು ನಕ್ಕು, ‘ಅಪ್ಪಾ, ಒಂಬತ್ತು ದಿನದಲ್ಲಿ ಇದೊಂದೇ ತಾನೇ?’ ಎಂದು ಕೇಳಿದಳು. ಶ್ರೀಮತಿಯವರು ಪಕ್ಕದಲ್ಲೇ ಇದ್ದರು. ‘ಇದೊಂದೇ ತಾಯಿ’ ಎಂದೆವು. ಈ ಸಂಚಿಕೆ ಅಂಚೆಯಲ್ಲಿ ಅವಳಿಗೂ ಹೋಗುತ್ತದೆ. ಅವಳು ಇದನ್ನು ಓದುವಾಗ ಕೂಸು ಮಡಿಲಲ್ಲಿರಲಿ.

ಈಗ ಯೆಮ್ಮಿಗನೂರಿಗೆ ಹೋಗಿಬರುವಾಗ ಕಾರು ಓಡಿಸುವುದು ಒಂದು ದಿನ ಅವರು, ಒಂದು ದಿನ ನಾವು. ಬಂಕಿನಿಂದ ಹೊರಬರುವಾಗ ನಮ್ಮ ಸರದಿಯಿದ್ದರೆ ಅವರು ‘ಎಡಕ್ಕೆ ರೀ’ ಎನ್ನುತ್ತಾರೆ. ‘ಹೂಂ, ಎಡಕ್ಕೆ’ ಎನ್ನುತ್ತೇವೆ.