ಮೊಮ್ಮಗಳ ಕೈಗೆ ಜನತಾ ವಾಚು

ಈ ವರ್ಷ ನಮ್ಮ ಮೊಮ್ಮಗಳಿಗೆ ವಸತಿ ಶಾಲೆಯಲ್ಲಿ ಆರನೆಯ ತರಗತಿಗೆ ಸೀಟು ಸಿಕ್ಕಿತು. ಅಲ್ಲಿ ಮಕ್ಕಳು ಮೊಬೈಲ್ ಇಟ್ಟುಕೊಳ್ಳುವಂತಿಲ್ಲ. ಹೊರಡುವ ಹಿಂದಿನ ದಿನ ಸಂಜೆ ಟ್ರಂಕು ತುಂಬುತ್ತಿದ್ದವಳು ನನ್ನ ಹತ್ತಿರ ಬಂದು, "ಮುತ್ಯಾ, ಅಲ್ಲಿ ಟೈಮ್ ಹೆಂಗ ಗೊತ್ತಾಗ್ತದ?" ಎಂದು ಕೇಳಿದಳು. ನಾನು ಹಿಂದೆಮುಂದೆ ನೋಡದೆ ನನ್ನ ಕೈಯ ವಾಚು ಬಿಚ್ಚಿ ಅವಳ ಕೈಗೆ ಹಾಕಿದೆ. ಅದು ಬಳೆಯ ಹಾಗೆ ಜಾರುತ್ತ ಮೊಣಕೈ ಮುಟ್ಟಿತು. ಅವಳ ಆಯಿ ನಕ್ಕುಬಿಟ್ಟಳು.

ಅದು ಎಚ್‌ಎಂಟಿ ಜನತಾ ವಾಚು. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚು ಕಾರ್ಖಾನೆ ಶುರುವಾಯಿತು. ಮುಂದೆ ತುಮಕೂರಿನಲ್ಲೂ ಒಂದು ಆಯಿತು. ಈಗ ಎರಡೂ ಇಲ್ಲ. ಬ್ಯಾಂಕಿನಲ್ಲಿ ಕ್ಲಾರ್ಕ್ ಆಗಿ ಸೇರಿದ ಹೊಸದರಲ್ಲಿ ಪಗಾರ ಕೂಡಿಸಿ ಕೊಂಡದ್ದು. ಸೆಲ್ ಬೇಡ, ದಿನಾ ಬೆಳಿಗ್ಗೆ ಚಾವಿ ಕೊಟ್ಟರೆ ಸಾಕು. ಮೊದಲು ಅದಕ್ಕೆ ಚರ್ಮದ ಪಟ್ಟಿ ಇತ್ತು. ನಮ್ಮ ಕಡೆಯ ಬಿಸಿಲಿಗೆ ಚರ್ಮ ಬೆವರು ಕುಡಿದು ವರ್ಷದೊಳಗೆ ಹರಿಯುತ್ತಿತ್ತು. ಬೇಸತ್ತು ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಸ್ಟೀಲಿನ ಚೈನು ಹಾಕಿಸಿದೆ.

ಈಗ ಆ ಚೈನು ಸಣ್ಣದಾಗಬೇಕು. ಘತ್ತರಗಿಯಿಂದ ಅಫಜಲಪುರಕ್ಕೆ ಹೋಗಿ ಮಾಡಿಸಿಕೊಂಡು ಬರೋಣವೆಂದರೆ ಕತ್ತಲಾಗಿತ್ತು, ಬೆಳಿಗ್ಗೆಯೇ ಬಸ್ಸು. "ಇದೇನು ದೊಡ್ಡ ಕೆಲಸ, ನಾನೇ ಮಾಡ್ತೀನಿ" ಎಂದೆ. ಲಕ್ಷಗಟ್ಟಲೆ ನೋಟು ಎಣಿಸಿದ ಕೈ ಎಂಬ ಜಂಬ ಇನ್ನೂ ಹೋಗಿಲ್ಲ ನೋಡಿ.

ಚೈನಿನ ಪಿನ್ನುಗಳನ್ನು ಬಡಿದು ತೆಗೆಯಬೇಕು. ಆ ಪೆಟ್ಟು ವಾಚಿಗೆ ತಾಗಬಾರದೆಂದು ಮೊದಲು ಚೈನನ್ನೇ ಪೂರ್ತಿ ಬಿಡಿಸಿಕೊಳ್ಳಬೇಕು. ವಾಚಿನ ಮೈಯಿಂದ ಮೇಲೆ ಎರಡು, ಕೆಳಗೆ ಎರಡು ಕಿವಿಗಳು ಚಾಚಿರುತ್ತವೆ. ಎರಡು ಕಿವಿಗಳ ನಡುವೆ ಒಂದು ಸ್ಪ್ರಿಂಗ್ ಪಿನ್ನು. ಅದರ ತುದಿಗಳು ಒತ್ತಿದರೆ ಒಳಗೆ ಸರಿಯುತ್ತವೆ, ಬಿಟ್ಟರೆ ಹೊರಗೆ ಚಿಮ್ಮಿ ಕಿವಿಯ ತೂತಿನಲ್ಲಿ ಕೂಡುತ್ತವೆ. ವಾಚನ್ನು ಮೆತ್ತನೆಯ ಅರಿವೆಯ ಮೇಲೆ ಬೋರಲು ಹಾಕಿ, ಚಾಳೀಸು ರಿಪೇರಿಯ ಸಣ್ಣ ಸ್ಕ್ರೂಡ್ರೈವರ್‌ನಿಂದ ಒಂದು ತುದಿಯನ್ನು ಒಳಕ್ಕೆ ಒತ್ತಿದರೆ ಚೈನು ಬಿಡುತ್ತದೆ. ಹೊಸ ಪಟ್ಟಿ ಕೊಳ್ಳುವವರು ಈ ಎರಡು ಕಿವಿಗಳ ನಡುವಿನ ಅಂತರವನ್ನು ಸ್ಕೇಲಿನಿಂದ ಅಳೆದುಕೊಂಡು ಹೋಗಬೇಕು. ನನ್ನದು 18 ಮಿಲಿಮೀಟರ್.

ಇದೆಲ್ಲ ಗೊತ್ತಿದ್ದ ನಾನು ಮಾಡಿದ್ದೇನು? ಅರಿವೆ ಹಾಸಲಿಲ್ಲ. ನಿಂತುಕೊಂಡೇ, ಟ್ಯೂಬ್‌ಲೈಟಿಗೆ ಹಿಡಿದು ಒತ್ತಿದೆ. ಕೈ ನಡುಗಿತು. ಟಿಣ್ ಎಂದು ಪಿನ್ನು ಎಲ್ಲೋ ಹಾರಿತು. ಪಕ್ಕದಲ್ಲಿ ಬಗ್ಗಿ ನೋಡುತ್ತಿದ್ದ ಮೊಮ್ಮಗಳಿಗೆ, "ನಿನ್ನ ತಲಿ ಅಡ್ಡ ಬಂತು, ದೂರ ನಿಂದರು ಅಂದ್ರ ಕೇಳಂಗಿಲ್ಲ!" ಎಂದು ಗದರಿಸಿದೆ. ನಾಳೆ ಊರು ಬಿಡುವ ಹುಡುಗಿ. ತುಟಿ ಕಚ್ಚಿಕೊಂಡು ಟ್ರಂಕಿನ ಕಡೆ ಹೋದಳು.

"ಪಿನ್ನು ಹಾರಿಸಿದವ್ರು ನೀವು, ಕೂಸಿಗಿ ಯಾಕ ಬೈತೀರಿ?" ಎಂದಳು ಮನೆಯಾಕೆ. ನಾನು ಉತ್ತರ ಕೊಡದೆ ನೆಲದ ಮೇಲೆ ತಡಕಾಡಿದೆ. ಅಂಗೈಗೆ ಧೂಳು, ಎರಡು ಜೋಳದ ಕಾಳು, ಒಂದು ಗುಂಡುಸೂಜಿ ಸಿಕ್ಕವು.

ಸ್ವಲ್ಪ ಹೊತ್ತಿಗೆ ಅವಳೇ ಹಳೆಯ ಸ್ಪೀಕರಿನ ಅಯಸ್ಕಾಂತ ಹಿಡಿದು ಬಂದಳು. ನಾನು ಗಾಬರಿಯಿಂದ ವಾಚನ್ನು ಎತ್ತಿಕೊಂಡು ಅಡುಗೆ ಮನೆಗೆ ಓಡಿದೆ. ಮಕ್ಕಳೇ, ಚಾವಿ ವಾಚಿನೊಳಗೆ ಕೂದಲಿನಷ್ಟು ತೆಳುವಾದ ಒಂದು ಸುರುಳಿ ಇರುತ್ತದೆ. ಅಯಸ್ಕಾಂತ ತಾಗಿದರೆ ಅದರ ಸುತ್ತುಗಳು ಒಂದಕ್ಕೊಂದು ಅಂಟಿ ವಾಚು ಮುಂದೆ ಓಡತೊಡಗುತ್ತದೆ. ಆದರೆ ಆ ಪಿನ್ನು ಸ್ಟೇನ್‌ಲೆಸ್ ಸ್ಟೀಲಿನದು, ಅಯಸ್ಕಾಂತಕ್ಕೆ ಸಿಗಲಿಲ್ಲ. ಆಗ ಅವಳು ಲೈಟ್ ಆರಿಸಿ, ಟಾರ್ಚನ್ನು ನೆಲಕ್ಕೆ ಮಲಗಿಸಿ ಹೊತ್ತಿಸಿದಳು. ನೆಲದ ಮೇಲಿನ ಒಂದೊಂದು ಕಸಕ್ಕೂ ಉದ್ದನೆಯ ನೆರಳು ಬಿತ್ತು. ಕೌದಿಯ ಅಂಚಿನ ಬಳಿ ಒಂದು ಸಣ್ಣ ನೆರಳು ನೆಟ್ಟಗಿತ್ತು. "ಮುತ್ಯಾ, ಇಲ್ಲದ ನೋಡು!"

"ತಪ್ಪು ನಂದೇ ಅವ್ವಾ" ಎಂದೆ. "ಹೌದು" ಎಂದಳು. ಅಷ್ಟೇ.

ಮುಂದಿನ ಕೆಲಸ ಅವಳದೇ ಆಯಿತು, ನಾನು ಹೇಳುವವನು. ಚೈನಿನ ಒಳಮಗ್ಗುಲಲ್ಲಿ, ಲಾಕಿನ ಹತ್ತಿರದ ಕೊಂಡಿಗಳ ಮೇಲೆ ಸಣ್ಣ ಬಾಣದ ಗುರುತುಗಳಿದ್ದವು. ಪಿನ್ನು ಬಾಣ ತೋರಿಸಿದ ಕಡೆಗೇ ಹೊರಬರಬೇಕು. ಹಾಕುವಾಗ ಅದರ ಎದುರು ದಿಕ್ಕಿನಿಂದ. ಪಿನ್ನಿನ ಒಂದು ತುದಿ ಸೀಳಿರುತ್ತದೆ, ಆ ತುದಿ ಕೊನೆಗೆ ಒಳಹೋಗಬೇಕು. ಬ್ಯಾಂಕಿನಲ್ಲಿ ವೋಚರ್ ಹೊಲಿಯುತ್ತಿದ್ದ ದಬ್ಬಣ ನನ್ನ ಬಳಿ ಇದೆ. ಅದರಿಂದ ಒತ್ತಿಸಿ ನೋಡಿದೆ. ದಬ್ಬಣ ಮೇಲೆ ಹೋದಂತೆ ದಪ್ಪ, ತೂತಿನಲ್ಲೇ ಸಿಕ್ಕಿಕೊಂಡಿತು. ಒಂದು ತೆಳು ಮೊಳೆಯ ತುದಿಯನ್ನು ಕಲ್ಲಿಗೆ ಉಜ್ಜಿ ಮೊಂಡು ಮಾಡಿಕೊಟ್ಟೆ. ಅವಳ ಕಂಪಾಸ್ ಪೆಟ್ಟಿಗೆಯ ಎರಡು ರಬ್ಬರುಗಳ ನಡುವೆ ಸಂದು ಬಿಟ್ಟು ಚೈನನ್ನು ಅಡ್ಡ ನಿಲ್ಲಿಸಿ, ಮೊಳೆಯ ಮೇಲೆ ಮೆಲ್ಲಗೆ ಬಡಿದಳು. ಬೆವರು ಧೂಳು ಕೂಡಿ ಕಪ್ಪಗೆ ಗಟ್ಟಿಯಾಗಿತ್ತು, ಮೊದಲನೆಯದು ಜಗ್ಗಲಿಲ್ಲ. ಹೊಲಿಗೆ ಮಷಿನ್ನಿನ ಎಣ್ಣೆ ಒಂದು ಹನಿ ಬಿಟ್ಟು ಕಾದೆವು. ಆಮೇಲೆ ಬಂತು.

ನಾಲ್ಕು ಕೊಂಡಿ ತೆಗೆಯಬೇಕಿತ್ತು. ನಾಲ್ಕನ್ನೂ ಒಂದೇ ಕಡೆ ತೆಗೆದರೆ ಲಾಕು ಮಣಿಕಟ್ಟಿನ ಮಧ್ಯಕ್ಕೆ ಬರದೆ ಪಕ್ಕದ ಎಲುಬಿಗೆ ಒತ್ತುತ್ತದೆ. ಆದ್ದರಿಂದ ಒಂದೊಂದು ಬದಿಗೆ ಎರಡೆರಡು. ಇಲ್ಲಿ ಒಂದು ಲೆಕ್ಕ ಇದೆ. ಎರಡು ಕೊಂಡಿ ತೆಗೆಯಲು ಎಷ್ಟು ಪಿನ್ನು ಹೊರಬರಬೇಕು? ಅವಳು ಮೂರು ಎಂದಳು. ನಾನೂ ಮೂರು ಎನ್ನುವವನಿದ್ದೆ. ಕೊಂಡಿಗಳು ಜೋಡಿಯಾಗಿಯೇ ಬರುವುದರಿಂದ ಆಚೆಗೊಂದು ಈಚೆಗೊಂದು, ಎರಡೇ ಸಾಕು. ಒಂದು ಪಿನ್ನು ಮತ್ತೆ ಚೈನು ಕೂಡಿಸಲು ಹೋಗುತ್ತದೆ, ಒಂದು ಉಳಿಯುತ್ತದೆ. ಎರಡೂ ಬದಿ ಸೇರಿ ಎರಡು ಉಳಿದವು. ಲೆಕ್ಕ ತಾಳೆಯಾಯಿತು.

ಕೂಡಿಸುವ ಮೊದಲು ಚೈನನ್ನು ಸಾಬೂನು ನೀರಿನಲ್ಲಿ ಹಳೆಯ ಬ್ರಷ್ಷಿನಿಂದ ತಿಕ್ಕಿದಳು. ನೀರು ಮಸಿಯಂತಾಯಿತು. ವಾಚಿಗೆ ಮಾತ್ರ ನೀರು ಸೋಕಿಸಲಿಲ್ಲ. ಕೈಗೆ ಹಾಕಿದಾಗ ಕಿರುಬೆರಳು ತೂರುವಷ್ಟು ಸಡಿಲ ಬಿಟ್ಟೆವು. ಬೇಸಗೆಯ ಮಧ್ಯಾಹ್ನ ಮಣಿಕಟ್ಟು ತುಸು ಊದುತ್ತದೆ, ತಂಪಿನಲ್ಲಿ ಬಿಗಿಯಾಗಿ ಕೂಡಿಸಿದರೆ ಆಗ ಕಚ್ಚುತ್ತದೆ.

ಬೆಳಿಗ್ಗೆ ಭಾಗ್ಯವಂತಿ ದೇವಿಯ ಗುಡಿಗೆ ಹೋಗಿ ಕೈಮುಗಿದು ಬಸ್‌ಸ್ಟ್ಯಾಂಡಿಗೆ ಬಂದೆವು. ಬಸ್ಸಿನ ಕಿಟಕಿಯಿಂದ ಅವಳು, "ಮುತ್ಯಾ, ಈಗ ಟೈಮ್ ಎಷ್ಟು?" ಎಂದು ಕೇಳಿದಳು. ನಾನು ಅಭ್ಯಾಸಬಲದಿಂದ ಎಡಗೈ ಎತ್ತಿ ನೋಡಿದೆ. ಮಣಿಕಟ್ಟಿನ ಮೇಲೆ ಬಿಸಿಲು ಕಾಣದ ಬಿಳಿ ಪಟ್ಟಿಯೊಂದೇ ಇತ್ತು. ಅವಳು ನಗುತ್ತ ತನ್ನ ಕೈ ತಿರುಗಿಸಿ ತೋರಿಸಿದಳು, ಏಳೂ ಹತ್ತು.

ಉಳಿದ ನಾಲ್ಕು ಕೊಂಡಿ, ಎರಡು ಪಿನ್ನುಗಳನ್ನು ಲಕೋಟೆಗೆ ಹಾಕಿ, ಮೇಲೆ ತಾರೀಖು ಬರೆದು ಸಹಿ ಮಾಡಿ ಟ್ರೆಜರಿಯಲ್ಲಿ ಇಟ್ಟಿದ್ದೇನೆ. ಅವಳ ಕೈ ಬೆಳೆದಂತೆ ಒಂದೊಂದಾಗಿ ಬೇಕಾಗುತ್ತವೆ.