ಅರ್ಧ ಉಕಾರ

ಜರ್ಮನಿಯಲ್ಲಿರುವ ಗಂಡನ ಹತ್ತಿರ ಹೋಗಿ ನೆಲೆಸಬೇಕಾದರೆ ವೀಸಾಕ್ಕೆ ಸಾಮಾನ್ಯವಾಗಿ ಎ1 ಮಟ್ಟದ ಜರ್ಮನ್ ಪಾಸಾಗಿರಬೇಕು. ನನ್ನವರು ಸ್ಟುಟ್‌ಗಾರ್ಟಿನಲ್ಲಿ ಎಂಜಿನಿಯರು. ರಜೆಗೆ ಬಂದಾಗ ಒಂದು ವಿಆರ್ ಹೆಡ್‌ಸೆಟ್ ತಂದುಕೊಟ್ಟು, "ಕ್ಲಾಸಿಗೂ ಸೇರಿಕೋ, ಇದು ಬರೀ ಅಭ್ಯಾಸಕ್ಕೆ" ಎಂದಿದ್ದರು. ನಾನು ಕ್ಲಾಸಿಗೆ ಸೇರಲಿಲ್ಲ. ದೂರ ಎಂದೆ, ಫೀಸು ಜಾಸ್ತಿ ಎಂದೆ. ಎರಡೂ ನೆಪ.

ಹತ್ತನೆಯ ತರಗತಿಯವರೆಗೆ ತಿಪಟೂರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು. ಪಿಯುಸಿಗೆ ಬೆಂಗಳೂರಿಗೆ ಬಂದ ಮೊದಲ ವಾರ, ಕಾಲೇಜಿಗೆ ಹೇಗೆ ಬರುತ್ತೀಯ ಎಂದು ಮೇಡಂ ಇಂಗ್ಲಿಷಿನಲ್ಲಿ ಕೇಳಿದರು. ‘ಬೈ ಬಸ್ಸು’ ಎಂದೆ. ಹಿಂದಿನ ಬೆಂಚಿನಿಂದ ಒಬ್ಬಳು "ವಾಟ್?" ಎಂದಳು. ಇನ್ನೊಮ್ಮೆ ಹೇಳಿದೆ. ಅವಳು ಇನ್ನೊಮ್ಮೆ "ವಾಟ್?" ಎಂದಳು. ಅವಳಿಗೆ ಮೊದಲನೆಯ ಸಲವೇ ಅರ್ಥವಾಗಿತ್ತು. ಇಡೀ ಕ್ಲಾಸು ನಕ್ಕಿತು. ಆಮೇಲೆ ಎರಡು ವರ್ಷ ಹಾಜರಿ ಕೂಗಿದಾಗ ಬಿಟ್ಟರೆ ನಾನು ಬಾಯಿ ತೆರೆಯಲಿಲ್ಲ.

ಭಾಷಾಶಾಸ್ತ್ರಜ್ಞ ಸ್ಟೀಫನ್ ಕ್ರಾಶೆನ್ ಇದರ ಬಗ್ಗೆ 1982ರ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಕಲಿಯುವವರಲ್ಲಿ ಅಂಜಿಕೆ ಹೆಚ್ಚಾದಂತೆ ಮನಸ್ಸಿಗೆ ಒಂದು ಜರಡಿ ಅಡ್ಡ ಬರುತ್ತದೆ, ಕಿವಿಗೆ ಬಿದ್ದ ಭಾಷೆ ಒಳಕ್ಕೆ ಇಳಿಯುವುದಿಲ್ಲ ಎಂಬುದು ಅವರ ವಾದ. 1986ರಲ್ಲಿ ಎಲೇನ್ ಹೋರ್ವಿಟ್ಸ್ ಮತ್ತು ಸಂಗಡಿಗರು ಈ ಅಂಜಿಕೆಯನ್ನು ಅಳೆಯಲು 33 ಹೇಳಿಕೆಗಳ ಒಂದು ಅಳತೆಗೋಲನ್ನೇ ಮಾಡಿದರು. ನಾನು ಮಾತಾಡಿದರೆ ಬೇರೆಯವರು ನಗುತ್ತಾರೆ ಎಂಬ ಭಯ ಅದರಲ್ಲೊಂದು. ಅದನ್ನು ಓದಿದಾಗ ಇಷ್ಟು ವರ್ಷಗಳ ಮೇಲೂ ನನ್ನ ಕಿವಿ ಬಿಸಿಯಾಯಿತು.

ಹೆಡ್‌ಸೆಟ್ಟಿನೊಳಗೆ ನಗುವವರಿರಲಿಲ್ಲ. ಅರ್ಧ ಕಿಲೋ ಭಾರದ ಆ ಡಬ್ಬಿಯನ್ನು ಮುಖಕ್ಕೆ ಕಟ್ಟಿಕೊಂಡರೆ ಬಾಡಿಗೆ ಮನೆಯ ಚಿಕ್ಕ ಕೋಣೆ ಮಾಯವಾಗಿ, ಎದುರಿಗೆ ಬ್ರೆಡ್ಡಿನ ಅಂಗಡಿ, ಗಲ್ಲಾದ ಹಿಂದೆ ಒಬ್ಬ ಹೆಂಗಸು. ಅವಳ ಮಾತಿನ ಹಿಂದಿದ್ದುದು ಕೃತಕ ಬುದ್ಧಿಮತ್ತೆ. ಎಷ್ಟು ತೊದಲಿದರೂ ಕಾಯುತ್ತಿದ್ದಳು, ಒಂದೇ ಪದವನ್ನು ಇಪ್ಪತ್ತು ಸಲ ಕೇಳಿದರೂ ಮುಖ ಸಿಂಡರಿಸುತ್ತಿರಲಿಲ್ಲ. ಅರ್ಧ ಗಂಟೆ ಕಳೆದರೆ ಹೊಟ್ಟೆ ತೊಳಸುತ್ತಿತ್ತು; ನಡೆಯುತ್ತಿದ್ದೀಯ ಎಂದು ಕಣ್ಣು ಹೇಳುತ್ತದೆ, ನಿಂತಿದ್ದೀಯ ಎಂದು ಒಳಗಿವಿ ಹೇಳುತ್ತದೆ, ಆ ಜಗಳಕ್ಕೆ ಬರುವ ವಾಕರಿಕೆ ಅದು. ಸ್ವಲ್ಪ ಹೊತ್ತು ಮಲಗಿ, ಎದ್ದು, ಮತ್ತೆ ಕಟ್ಟಿಕೊಳ್ಳುತ್ತಿದ್ದೆ.

ಕಲಿತದ್ದು ಸುಳ್ಳಲ್ಲ. ಜರ್ಮನ್ನಿನಲ್ಲಿ ಚಮಚ ಗಂಡು, ಫೋರ್ಕು ಹೆಣ್ಣು, ಚಾಕು ನಪುಂಸಕ. ನಮಗೆ ಮೂರೂ ‘ಅದು’. ಪುಸ್ತಕದಲ್ಲಿ ಎಷ್ಟು ಉರು ಹೊಡೆದರೂ ನಿಲ್ಲದ ಈ ಲಿಂಗಗಳು, ಹೆಡ್‌ಸೆಟ್ಟಿನೊಳಗಿನ ಅಡುಗೆಮನೆಯಲ್ಲಿ ಚಮಚವನ್ನು ಎತ್ತಿ ‘ಡೇರ್ ಲ್ಯೋಫೆಲ್’ ಎಂದು ತಟ್ಟೆಯ ಪಕ್ಕದಲ್ಲಿಟ್ಟಾಗ ಕೈಗೇ ನೆನಪಾಗಿ ಕೂತವು. ಈಗಲೂ ‘ಮೆಸ್ಸರ್’, ಅಂದರೆ ಚಾಕು, ಎಂದಾಗ ಮೊದಲು ಬಲಗೈ ಅಲುಗುತ್ತದೆ, ಆಮೇಲೆ ಅದರ ನಪುಂಸಕದ ಗುರುತು ‘ದಾಸ್’ ನಾಲಿಗೆಗೆ ಬರುತ್ತದೆ. ಹದಿನಾರನೆಯ ವಯಸ್ಸಿಗೆ ಮುಚ್ಚಿಹೋದ ನನ್ನ ಬಾಯಿಯನ್ನು ತೆರೆಸಿದ್ದು ಆ ಯಂತ್ರ. ಆ ಋಣ ದೊಡ್ಡದು.

ಆದರೆ ಮಾತನ್ನು ಬರಹಕ್ಕಿಳಿಸುವ ತಂತ್ರಾಂಶ, ಕಿವಿಗೆ ಸರಿಯಾಗಿ ಬೀಳದ ಪದವನ್ನು ಹಿಂದು ಮುಂದಿನ ಮಾತು ನೋಡಿ ಊಹಿಸಿಕೊಳ್ಳುತ್ತದೆ. ಬಾಗಿಲಿಗೆ ‘ಟ್ಯೂರ್’ ಅನ್ನಬೇಕಾದ ಕಡೆ ನಾನು ‘ಟೂರ್’ ಅಂದರೂ ಅದು ಬಾಗಿಲೇ ಎಂದುಕೊಂಡು ಮುಂದೆ ಹೋಗುತ್ತಿತ್ತು. ನನ್ನ ತಪ್ಪು ನನಗೆ ಗೊತ್ತಾಗುತ್ತಿರಲಿಲ್ಲ. ಇನ್ನೊಬ್ಬರ ತಪ್ಪಂತೂ ಅಲ್ಲಿರಲೇ ಇಲ್ಲ. ಏಳು ತಿಂಗಳು ನಾನು ಕೇಳಿದ್ದು ಒಂದೇ ದನಿಯ, ನಯವಾಗಿ ತೀಡಿದ ಜರ್ಮನ್.

ಪರೀಕ್ಷೆಯ ಮಾತಿನ ಭಾಗಕ್ಕೆ ನಾಲ್ಕು ಜನರನ್ನು ಒಟ್ಟಿಗೆ ಕೂರಿಸಿದರು. ಚೀಟಿ ಎತ್ತಿ, ಅದರಲ್ಲಿರುವ ಪದ ಬಳಸಿ ಪಕ್ಕದವರಿಗೆ ಪ್ರಶ್ನೆ ಕೇಳಬೇಕು, ಅವರು ಉತ್ತರ ಕೊಡಬೇಕು. ನನ್ನ ಪಕ್ಕದಲ್ಲಿದ್ದವಳು ಕೊಟ್ಟಾಯಂ ಕಡೆಯ ನರ್ಸು, ಹೆಚ್ಚುಕಡಿಮೆ ನನ್ನದೇ ವಯಸ್ಸು. ಆಕೆಗೆ ಬಂದ ಪದ ಬೆಳಗಿನ ತಿಂಡಿ. ‘ಫ್ರ್ಯೂಷ್ಟ್ಯುಕ್’ ಅನ್ನಬೇಕು. ಆಕೆ ಅಂದದ್ದು ‘ಫ್ರೂಷ್ಟುಕ್ಕು’, ಕೊನೆಯ ಉಕಾರ ಪೂರ್ತಿ ಹೊರಬರದೆ ಅರ್ಧಕ್ಕೇ ನಿಂತಿತ್ತು. ನನಗೆ ತಿಳಿಯಲಿಲ್ಲ. "ವೀ ಬಿಟ್ಟೆ?" ಎಂದೆ. ಏನಂದಿರಿ ಎನ್ನುವುದಕ್ಕೆ ಬ್ರೆಡ್ಡಿನಂಗಡಿಯವಳು ಕಲಿಸಿದ ಮಾತು. ಆಕೆ ನಿಧಾನವಾಗಿ, ಬಿಡಿಸಿ ಕೇಳಿದಳು. ಈ ಸಲ ತಿಳಿಯಿತು. ಉತ್ತರ ಮಾತ್ರ ಹೊಳೆಯಲಿಲ್ಲ. ಪರೀಕ್ಷಕರು ನನ್ನತ್ತ ನೋಡುತ್ತಿದ್ದರು. ತಡವರಿಸುತ್ತಿರುವವಳು ನಾನಲ್ಲ, ಆಕೆ ಎಂದು ಅವರಿಗೆ ಅನಿಸಲಿ ಎಂದು, ಹುಬ್ಬು ಗಂಟಿಕ್ಕಿ ಮತ್ತೊಮ್ಮೆ "ವೀ ಬಿಟ್ಟೆ?" ಎಂದೆ.

ಬಾಯಿಂದ ಬಿದ್ದ ಕೂಡಲೇ ಆ ದನಿಯ ಗುರುತು ಹತ್ತಿತು. ಹಿಂದಿನ ಬೆಂಚಿನ ದನಿ ಅದು.

ಆಕೆ ಮೂರನೆಯ ಸಲ ಕೇಳಿದಾಗ ಕೈಯಲ್ಲಿದ್ದ ಚೀಟಿಯ ತುದಿ ಮಡಚಿಹೋಗಿತ್ತು. ಮುಂದಿನ ಸುತ್ತಿನಲ್ಲಿ ಆಕೆಯ ದನಿ ಇನ್ನೂ ಇಳಿಯಿತು. ಬಸ್ಸು, ಕಾರು, ಬ್ಯಾಂಕು ಎಂದು ಎಲ್ಲದರ ಕೊನೆಗೂ ಉಕಾರ ಹಚ್ಚಿ ಬೆಳೆದವಳು ನಾನು. ಆ ಕೋಣೆಯಲ್ಲಿ ಆಕೆಯ ಉಕಾರವನ್ನು ಎಲ್ಲರಿಗಿಂತ ಮೊದಲು ಹಿಡಿಯಬೇಕಾಗಿದ್ದವಳೂ ನಾನೇ.

ನಗುವವರಿಲ್ಲದ ಜಾಗವನ್ನು ನಾನು ಅಷ್ಟು ಆಸೆಪಟ್ಟು ಹುಡುಕಿಕೊಂಡಿದ್ದೆ. ನನ್ನಿಂದ ನೋಯುವವರೂ ಅಲ್ಲಿಲ್ಲ ಎಂಬುದು ಏಳು ತಿಂಗಳಲ್ಲಿ ಒಂದು ದಿನವೂ ತಲೆಗೆ ಬಂದಿರಲಿಲ್ಲ. ಬ್ರೆಡ್ಡಿನಂಗಡಿಯವಳಿಗೆ ಎರಡು ಸಲವಲ್ಲ, ಇನ್ನೂರು ಸಲ ಕೇಳಬಹುದಿತ್ತು. ಅವಳ ಕೈಯಲ್ಲಿ ಚೀಟಿ ಮಡಚುತ್ತಿರಲಿಲ್ಲ.

ಇಬ್ಬರೂ ಪಾಸಾದೆವು. ನನ್ನ ಕೈ ಹಿಡಿದದ್ದು ಓದು ಮತ್ತು ಬರವಣಿಗೆ. ಹೊರಗೆ ಚಹಾ ಕುಡಿಯುವಾಗ ನಂಬರು ಕೊಟ್ಟದ್ದು ಆಕೆಯೇ. ನರ್ಸ್ ಕೆಲಸಕ್ಕೆ ಬಿ2ವರೆಗೆ ಹತ್ತಬೇಕು, ಜೊತೆಗೆ ಮಾತಾಡೋಣ ಎಂದಳು. ಈಗ ಭಾನುವಾರ ಭಾನುವಾರ ಫೋನು. ನನ್ನ ವ್ಯಾಕರಣ, ಆಕೆಯ ಆಸ್ಪತ್ರೆಯ ಪದಗಳು. ‘ಟ್ಯೂರ್’ ಅನ್ನು ನಾನು ತಪ್ಪಾಗಿ ಹೇಳುತ್ತೇನೆಂದು ಮೊದಲು ತಿದ್ದಿದವಳೂ ಆಕೆ, ಮೆಲ್ಲಗೆ, ತಾನೇ ಒಂದು ಸಲ ಸರಿಯಾಗಿ ಹೇಳಿ.

ಕ್ಷಮೆ ಕೇಳಲು ಜರ್ಮನ್ನಿನಲ್ಲಿ ‘ಎಸ್ ಟೂಟ್ ಮೀರ್ ಲೈಟ್’ ಎನ್ನುತ್ತಾರೆ. ಹೆಡ್‌ಸೆಟ್ಟಿನಲ್ಲಿ ಮೊದಲ ವಾರವೇ ಕಲಿತೆ, ಉಚ್ಚಾರ ಚೊಕ್ಕವಾಗಿದೆ ಎಂದು ಯಂತ್ರ ಹೇಳಿತ್ತು. ಆಕೆಗೆ ಇನ್ನೂ ಹೇಳಿಲ್ಲ. ಹೋದ ಭಾನುವಾರ ಹೇಳಲೇಬೇಕೆಂದು ಫೋನು ಮಾಡಿದೆ. ಆಕೆ ಮೊದಲೇ ನಗುತ್ತಾ, ಬೆಳಗ್ಗೆ ಏನು ತಿಂಡಿ ಎಂದು ಜರ್ಮನ್ನಿನಲ್ಲಿ ಕೇಳಿದಳು, ಅದೇ ಅರ್ಧ ಉಕಾರದಲ್ಲಿ. ಇಡ್ಲಿ ಎಂದೆ. ತನ್ನದು ಪುಟ್ಟು ಎಂದಳು. ಪುಟ್ಟಿಗೆ ತೆಂಗಿನಕಾಯಿ ಎಷ್ಟು ತುರಿಯಬೇಕು ಎಂದು ನಾನು ಕೇಳುತ್ತಾ ಹೋದೆ.